ಓಟ ಒಳ್ಳೆಯದೇ, ಊಟ ಬಿಟ್ಟು ಓಡಬೇಡಿ

ಸ್ಯಾನ್ ಫ್ರಾನ್ಸಿಸ್ಕೊ: ‘ಯಾಕೋ ಇಷ್ಟು ಸೊರಗಿದ್ದೀಯ?’ ವಾರಾಂತ್ಯದ ವಿಡಿಯೊ ಕರೆಯಲ್ಲಿ ಅಮ್ಮ ಕೇಳುವ ಮೊದಲ ಪ್ರಶ್ನೆ. ‘ಮ್ಯಾರಥಾನ್‌ಗೆ ತಯಾರಿ ನಡೀತಿದೆ ಅಮ್ಮ’ ಎಂದು ಮಗ ನಗುತ್ತಾನೆ. ಬೇ ಏರಿಯಾದಲ್ಲಿ ಮಕ್ಕಳಿರುವ ಅನೇಕ ಮನೆಗಳಿಗೆ ಈ ಮಾತು ಹೊಸದಲ್ಲ.

ಇಲ್ಲಿ ಓಡುವ ಭಾರತೀಯರು ಬಹಳ. 1991ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ‘ಆಶಾ ಫಾರ್ ಎಜುಕೇಶನ್’ ಸಂಸ್ಥೆ ಭಾರತದ ಮಕ್ಕಳ ಶಿಕ್ಷಣಕ್ಕೆ ನಿಧಿ ಕೂಡಿಸಲು ಮ್ಯಾರಥಾನ್ ತರಬೇತಿಯನ್ನೇ ನೀಡುತ್ತದೆ. ಗೋಲ್ಡನ್ ಗೇಟ್ ಸೇತುವೆ ದಾಟುವ ಸ್ಯಾನ್ ಫ್ರಾನ್ಸಿಸ್ಕೊ ಮ್ಯಾರಥಾನ್‌ನ 42.195 ಕಿ.ಮೀ. ಮುಗಿಸುವುದು ಹಲವರ ಕನಸು.

ಓಡಲು ಗಟ್ಟಿ ಕಾರಣವೂ ಇದೆ. ಬೇ ಏರಿಯಾ ಮತ್ತು ಶಿಕಾಗೊದ 906 ದಕ್ಷಿಣ ಏಷ್ಯನ್ನರನ್ನು 2010ರಿಂದ ದಾಖಲಿಸಿಕೊಂಡ ‘ಮಸಾಲಾ’ ಅಧ್ಯಯನವು ಅಮೆರಿಕದ ಇತರ ಸಮುದಾಯಗಳಿಗಿಂತ ನಮ್ಮವರಲ್ಲಿ ಮಧುಮೇಹ ಹೆಚ್ಚೆಂದು ತೋರಿಸಿತು. ಓಡುವಾಗ ಸ್ನಾಯುಗಳು ಇನ್ಸುಲಿನ್ ನೆರವು ಅಷ್ಟಾಗಿ ಇಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಮುಂದಿನ ಒಂದೆರಡು ದಿನ ಸ್ವಲ್ಪ ಇನ್ಸುಲಿನ್‌ನಿಂದಲೇ ಹೆಚ್ಚು ಕೆಲಸವಾಗುತ್ತದೆ. ಆಮೇಲೆ ಈ ಲಾಭ ಕರಗುವುದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎನ್ನುತ್ತಾರೆ ತಜ್ಞರು.

ತೊಡಕು ಇರುವುದು ಬೇರೆಡೆ. ದೀರ್ಘ ಓಟದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ವಿಶ್ರಾಂತಿ ಪಡೆದರೆ ಇಳಿಯುತ್ತವೆ. ಹಸಿವು ಹುಟ್ಟಿಸುವ ಗ್ರೆಲಿನ್ ಮಾತ್ರ ಓಟದ ನಂತರ ಸ್ವಲ್ಪ ಹೊತ್ತು ತಗ್ಗುತ್ತದೆ. ಹಸಿವಿಲ್ಲವೆಂದು ತಿಂಡಿ ಬಿಟ್ಟು ಮೀಟಿಂಗ್‌ಗೆ ಕೂರುವುದು, ರಾತ್ರಿ ಬೆಂಗಳೂರು ಕಚೇರಿಯ ಕರೆಗಳಿಗಾಗಿ ನಿದ್ದೆಗೆಡುವುದು, ನಸುಕಿನಲ್ಲಿ ಮತ್ತೆ ಓಡುವುದು ತಿಂಗಳುಗಟ್ಟಲೆ ನಡೆದರೆ ದೇಹ ಖರ್ಚು ಕಡಿತಕ್ಕೆ ಇಳಿಯುತ್ತದೆ. ಮಿದುಳು ಸಂತಾನ ಸಂಬಂಧಿ ಹಾರ್ಮೋನುಗಳ ಸಂಕೇತವನ್ನು ತಗ್ಗಿಸುತ್ತದೆ. ಥೈರಾಯ್ಡ್‌ನ ವೇಗವೂ ಕುಗ್ಗುತ್ತದೆ.

ಹೆಣ್ಣುಮಕ್ಕಳಲ್ಲಿ ಈಸ್ಟ್ರೊಜೆನ್ ಇಳಿದು ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ಅದು ಒಳ್ಳೆಯ ಫಿಟ್‌ನೆಸ್‌ನ ಗುರುತಲ್ಲ. ಮೂಳೆ ಸವೆಯುತ್ತಿರುವ ಎಚ್ಚರಿಕೆ. ಗಂಡಸರಲ್ಲಿ ಟೆಸ್ಟೋಸ್ಟೆರೋನ್ ತಗ್ಗಿ ಸುಸ್ತು, ಸಿಡುಕು, ಲೈಂಗಿಕ ನಿರಾಸಕ್ತಿ ಕಾಣಿಸಿಕೊಳ್ಳುತ್ತದೆ. ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರವಲ್ಲ, ಗಂಡಸರದೂ ಹೌದು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಹೇಳಿದೆ. ಮಗುವಿನ ನಿರೀಕ್ಷೆಯಲ್ಲಿರುವ ದಂಪತಿ ಇದನ್ನು ವೈದ್ಯರ ಬಳಿ ಮುಚ್ಚಿಡಬಾರದು.

ಸಮಾಧಾನದ ಸಂಗತಿಯೆಂದರೆ, ಊಟ ಹೆಚ್ಚಿಸಿ ಓಟ ತಗ್ಗಿಸಿದರೆ ಹಾರ್ಮೋನುಗಳು ಸಾಮಾನ್ಯವಾಗಿ ಮೊದಲಿನ ಮಟ್ಟಕ್ಕೆ ಮರಳುತ್ತವೆ. ಆದರೆ ಕಳೆದುಕೊಂಡ ಮೂಳೆಯ ಬಲ ಪೂರ್ತಿ ಮರಳದಿರಬಹುದು. ಹಾಗಾಗಿ ಓಟದ ನಂತರ ಹಸಿವಾಗುವವರೆಗೆ ಕಾಯದೆ ಇಡ್ಲಿ–ಸಾಂಬಾರ್, ಮೊಸರನ್ನ, ಮೊಟ್ಟೆ, ಬಾಳೆಹಣ್ಣು ಯಾವುದಾದರೂ ಹೊಟ್ಟೆಗೆ ಬೀಳಲಿ. ವಾರಕ್ಕೊಂದು ದಿನವಾದರೂ ಪೂರ್ಣ ವಿಶ್ರಾಂತಿ ಇರಲಿ. ಮೂರು ತಿಂಗಳು ಮುಟ್ಟು ನಿಂತರೆ, ಪಾದ–ಮೊಣಕಾಲ ಕೆಳಗಿನ ಮೂಳೆನೋವು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರಿಗೆ ದೀರ್ಘ ಓಟದ ದಿನ ರಾತ್ರಿಯೂ ಸಕ್ಕರೆ ಕುಸಿಯಬಹುದು. ಅಂಥವರು ಮೊದಲೇ ವೈದ್ಯರ ಸಲಹೆ ಪಡೆದು ಓಡುವುದು ಕ್ಷೇಮ.

ಊರಿನಲ್ಲಿರುವ ಹೆತ್ತವರು ‘ಓಡಬೇಡ’ ಎನ್ನಬೇಕಿಲ್ಲ. ಮುಂದಿನ ಕರೆಯಲ್ಲಿ ‘ಎಷ್ಟು ಓಡಿದೆ?’ ಎಂದು ಕೇಳುವ ಜೊತೆಗೆ ‘ಏನು ತಿಂದೆ, ಎಷ್ಟು ಹೊತ್ತು ಮಲಗಿದೆ?’ ಎಂದೂ ಕೇಳಿ.