ಕೊಡಗಿನ ಹಣ್ಣಿನ ವೈನು

ವೈನಿಗೆ ಹೆಸರಾದ ನಾಡುಗಳ ಸಾಲಿನಲ್ಲಿ ಕೊಡಗು ಕೇಳಬರುವುದಿಲ್ಲವಾದರೂ, ಇಲ್ಲಿ ದ್ರಾಕ್ಷಿ, ನೆಲ್ಲಿ, ಶುಂಠಿ, ಪ್ಯಾಶನ್ ಹಣ್ಣು, ವೀಳ್ಯದೆಲೆ ಮೊದಲಾದವುಗಳಿಂದ ವೈನನ್ನು ಮಾಡುವ ವಾಡಿಕೆಯುಂಟು. ಪ್ರವಾಸಿಗರು ಇದನ್ನು ಆದರದಿಂದ ಕೊಳ್ಳುವರು. ಮುಂಗಾರಿನ ತೇವದಿಂದ ದ್ರಾಕ್ಷಿಬಳ್ಳಿಗೆ ಬೂಷ್ಟುರೋಗ ಸುಲಭವಾಗಿ ತಗಲುವುದರಿಂದ, ತೋಟದ ಇತರ ಫಲಗಳನ್ನು ಉಪಯೋಗಿಸುವುದೇ ಲೇಸು.

ಈಸ್ಟ್ ಎಂಬ ಸೂಕ್ಷ್ಮಜೀವಿಯು ರಸದಲ್ಲಿನ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲವಾಯುವಾಗಿಯೂ ಮಾರ್ಪಡಿಸುವುದು. ಲೀಟರು ಒಂದಕ್ಕೆ ಸುಮಾರು 200 ಗ್ರಾಂ ಸಕ್ಕರೆಯು ಪೂರ್ಣವಾಗಿ ಹೀಗೆ ಮಾರ್ಪಟ್ಟರೆ ನೂರಕ್ಕೆ 12 ಭಾಗದಷ್ಟು ಮದ್ಯಸಾರವುಂಟಾಗುವುದು. ನೆಲ್ಲಿ, ಶುಂಠಿಗಳಲ್ಲಿ ಸಕ್ಕರೆ ಸ್ವಲ್ಪವೇ ಇರುವುದರಿಂದ ಬೇರೆಯಾಗಿ ಸೇರಿಸಬೇಕಾಗುವುದು.

ಭರಣಿಯ ಬಾಯನ್ನು ಬಿಗಿಯಾಗಿ ಮುಚ್ಚಿದರೆ ಒಳಗಿನ ವಾಯುವಿನ ಒತ್ತಡದಿಂದ ಅದು ಒಡೆಯಬಹುದು. ತೆರೆದಿಟ್ಟರೆ ಹೊರಗಿನ ಗಾಳಿ ತಾಗಿ ವೈನು ಹುಳಿತು ವಿನೆಗರಾಗುವುದು. ಆದುದರಿಂದ ಮುಚ್ಚಳದಲ್ಲಿ ಕೊಳವೆಯನ್ನಿಟ್ಟು, ಅದರ ಹೊರತುದಿಯನ್ನು ಬೇರೊಂದು ಪಾತ್ರೆಯ ನೀರಿನಲ್ಲಿ ಮುಳುಗಿಸತಕ್ಕದ್ದು. ಇದರಿಂದ ವಾಯು ಹೊರಹೋಗುವುದು, ಗಾಳಿ ಒಳಬರಲಾರದು. ಪಾತ್ರೆಗಳನ್ನೆಲ್ಲ ಮೊದಲೇ ಕುದಿನೀರಿನಿಂದ ತೊಳೆದಿರಬೇಕು.

ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದೂ ಮಾರುವುದೂ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ಅಪರಾಧವು; ಹಣ್ಣಿನ ವೈನೂ ಇದಕ್ಕೆ ಹೊರತಲ್ಲ. ಈ ಉದ್ಯಮವನ್ನು ಕೈಗೊಳ್ಳಬಯಸುವ ಭೂಮಾಲಿಕರು ಭರಣಿಯನ್ನು ಕೊಳ್ಳುವುದಕ್ಕೆ ಮೊದಲೇ ಅಬಕಾರಿ ಇಲಾಖೆಯಿಂದ ಪರವಾನಗಿಯನ್ನು ಪಡೆಯತಕ್ಕದ್ದು. ಗ್ರಾಮದ ಮುಖಂಡರು ಈ ವಿಷಯವನ್ನು ತಮ್ಮ ಗ್ರಾಮಸ್ಥರಿಗೆ ತಿಳಿಯಪಡಿಸುವುದು ಯುಕ್ತ.