ವಿದೇಶದಲ್ಲಿರುವ ಮಕ್ಕಳಿಗೆ ಹಣ ಕಳುಹಿಸುವಾಗ: ಕಾಣುವ ಶುಲ್ಕ, ಕಾಣದ ಶುಲ್ಕ

ನಮ್ಮ ಕರಾವಳಿಯ ಮನೆಗಳಿಗೆ ವಿದೇಶದ ಹಣ ಹೊಸತಲ್ಲ. ಕುವೈಟ್, ದುಬೈ, ಮಸ್ಕತ್‌ಗಳಿಂದ ಅಂಚೆಯಲ್ಲಿ ಡ್ರಾಫ್ಟ್ ಬರುತ್ತಿದ್ದ ಕಾಲದಿಂದಲೂ ಹಣ ಬರುವ ದಾರಿ ನಮಗೆ ಗೊತ್ತು. ಹಣ ಹೋಗುವ ದಾರಿ ಮಾತ್ರ ಅಷ್ಟು ಪರಿಚಿತವಲ್ಲ. ಓದಲೆಂದು ಜರ್ಮನಿ, ಐರ್ಲೆಂಡ್, ಕೆನಡಾಕ್ಕೆ ಹೋದ ಮಕ್ಕಳಿಗೆ ಊರಿನಿಂದಲೇ ಹಣ ಕಳುಹಿಸಬೇಕಾದ ಹೆತ್ತವರು ಈಗ ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಆದರೆ ಈ ಲೇಖನಕ್ಕೆ ಕಾರಣವಾದ ಪ್ರಶ್ನೆ ಬಂದದ್ದು ಕರಾವಳಿಯಿಂದಲ್ಲ, ನಾಲವಾರದಿಂದ. ವಾಡಿ ಜಂಕ್ಷನ್ ದಾಟಿ ಯಾದಗಿರಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ಚಿತ್ತಾಪುರ ತಾಲೂಕಿನಲ್ಲಿರುವ ಊರು ಅದು. ಆ ಭಾಗದಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಮಿತ್ರರೊಬ್ಬರ ಮೂಲಕ ಅಲ್ಲಿನ ತಂದೆಯೊಬ್ಬರ ಅಳಲು ನಮಗೆ ತಲುಪಿತು. ಅವರ ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ತೊಗರಿ ಮಾರಿದ ದುಡ್ಡಿನಲ್ಲಿ ಒಂದು ಪಾಲನ್ನು ಅವಳ ಸೆಮಿಸ್ಟರ್ ಶುಲ್ಕಕ್ಕೆಂದು ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಳುಹಿಸಿದ್ದರು. ನಾಲ್ಕು ದಿನ ಬಿಟ್ಟು ಮಗಳ ಫೋನು: "ಅಪ್ಪಾ, ರೊಕ್ಕ ಪೂರಾ ಬಂದಿಲ್ಲ." ಕೊರತೆ ಹದಿನೈದು ಯೂರೋ ಅಷ್ಟೆ. ಆದರೆ ಶುಲ್ಕ ಪೂರ್ತಿ ಸಂದಾಯವಾಗದೆ ಮರುನೋಂದಣಿ ಇಲ್ಲ, ಕೊನೆಯ ದಿನ ಹತ್ತಿರವಿತ್ತು. ತಂದೆಯ ಪ್ರಶ್ನೆ ನೇರವಾಗಿತ್ತು: "ಬ್ಯಾಂಕಿನ ಶುಲ್ಕ ಬ್ಯಾರೆ ಕಟ್ಟೀನಿ. ಮತ್ತ ಕಡಿಮಿ ಯಾಕ ಹೋತು?"

ಉತ್ತರ ಇಷ್ಟೇ: ರಸೀದಿಯಲ್ಲಿ ಕಾಣುವ ಶುಲ್ಕ ಒಂದು ಭಾಗ ಮಾತ್ರ. ದೊಡ್ಡ ಭಾಗ ಬೇರೆಡೆ ಅಡಗಿರುತ್ತದೆ.

ಮೊದಲನೆಯ ಅಡಗುತಾಣ ವಿನಿಮಯ ದರ. ಪತ್ರಿಕೆಯಲ್ಲಿ ಅಥವಾ ಮೊಬೈಲಿನಲ್ಲಿ ನಾವು ನೋಡುವ ದರ ಮಾರುಕಟ್ಟೆಯ ದರ. ಬ್ಯಾಂಕು ನಮಗೆ ಯೂರೋ ಮಾರುವುದು ಅದರ ಮೇಲೆ ತನ್ನ ಲಾಭವನ್ನು ಸೇರಿಸಿದ ದರಕ್ಕೆ. ಇದನ್ನು ಟಿಟಿ ಸೆಲ್ಲಿಂಗ್ ದರ ಎನ್ನುತ್ತಾರೆ. ಸೇರಿಸಿದ್ದು ಎಷ್ಟೆಂದು ರಸೀದಿಯಲ್ಲಿ ಸಾಮಾನ್ಯವಾಗಿ ಬೇರೆ ಸಾಲು ಇರುವುದಿಲ್ಲ. "ಶೂನ್ಯ ಶುಲ್ಕ" ಎಂಬ ಜಾಹೀರಾತು ಕಂಡಾಗ ನಾವು ಮೊದಲು ನೋಡಬೇಕಾದದ್ದು ಇದನ್ನೇ. ಅಂಗಡಿಯವನು ಚೀಲಕ್ಕೆ ದುಡ್ಡು ಬೇಡ ಎಂದು ಅಕ್ಕಿಯ ಬೆಲೆಯಲ್ಲಿ ಅದನ್ನು ಸೇರಿಸಿದ ಹಾಗೆ.

ಎರಡನೆಯದು ದಾರಿಯ ಸುಂಕ. ನಮ್ಮ ಬ್ಯಾಂಕಿಗೂ ಜರ್ಮನಿಯ ಬ್ಯಾಂಕಿಗೂ ನೇರ ಲೆಕ್ಕ ಇಲ್ಲದಿದ್ದರೆ ನಡುವೆ ಇನ್ನೊಂದು ಬ್ಯಾಂಕು ಬರುತ್ತದೆ, ಕೆಲವೊಮ್ಮೆ ಎರಡು. ಸಂದೇಶ ಹೋಗುವುದು ಸ್ವಿಫ್ಟ್ ಜಾಲದ ಮೂಲಕ. ನಡುವಿನ ಬ್ಯಾಂಕು ತನ್ನ ಕೂಲಿಯನ್ನು ಹೋಗುತ್ತಿರುವ ಹಣದಿಂದಲೇ ಮುರಿದುಕೊಳ್ಳಬಹುದು. ನಾಲವಾರದ ತಂದೆಗೆ ಆದದ್ದು ಇದೇ. ಅರ್ಜಿಯಲ್ಲಿ ಮೂರು ಆಯ್ಕೆಗಳಿರುತ್ತವೆ. ಒ.ಯು.ಆರ್. ಎಂದರೆ ಎಲ್ಲ ಶುಲ್ಕ ಕಳುಹಿಸುವವರದ್ದು, ಎಸ್.ಎಚ್.ಎ. ಎಂದರೆ ಹಂಚಿಕೆ, ಬಿ.ಇ.ಎನ್. ಎಂದರೆ ಪೂರ್ತಿ ಪಡೆಯುವವರದ್ದು. ಆನ್‌ಲೈನ್‌ನಲ್ಲಿ ನಾವು ಗಮನಿಸದಿದ್ದರೆ ಹಂಚಿಕೆಯೇ ತಾನಾಗಿ ಆಯ್ಕೆಯಾಗಿರುವುದುಂಟು. ಮನೆಯವರ ಖರ್ಚಿಗೆ ಕಳುಹಿಸುವಾಗ ಹತ್ತು ಯೂರೋ ಕಡಿಮೆಯಾದರೆ ನಡೆದೀತು. ಕಾಲೇಜಿನ ಶುಲ್ಕಕ್ಕೆ ನಡೆಯದು, ಅಲ್ಲಿ ಒ.ಯು.ಆರ್. ಆಯ್ಕೆಯೇ ಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಸುಲಭವಾಗಲೆಂದು ಮಾರುಕಟ್ಟೆಯಲ್ಲಿ ಒಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ನಾವು 1 ಲಕ್ಷ ರೂಪಾಯಿ ಕಳುಹಿಸುತ್ತೇವೆ. ಮೊದಲನೆಯ ಬ್ಯಾಂಕು 500 ರೂಪಾಯಿ ಶುಲ್ಕ ಕೇಳುತ್ತದೆ, ಆದರೆ ದರ 102.50. ಎರಡನೆಯದು 1,500 ರೂಪಾಯಿ ಕೇಳುತ್ತದೆ, ದರ 100.60, ದಾರಿಯಲ್ಲಿ ಕಡಿತವಿಲ್ಲ. ಯಾರೇ ಆದರೂ 500 ರೂಪಾಯಿಯವರ ಬಳಿಗೇ ಹೋಗುತ್ತಾರೆ. ಅಲ್ಲಿ 975 ಯೂರೋ ಚಿಲ್ಲರೆ ಆಗುತ್ತದೆ, ನಡುವಿನ ಬ್ಯಾಂಕು 15 ತೆಗೆದರೆ ಮಗಳಿಗೆ ಸಿಗುವುದು 960. ಎರಡನೆಯವರ ಮೂಲಕ 994. ಶುಲ್ಕ, ತೆರಿಗೆ, ದರದ ನಷ್ಟ ಎಲ್ಲ ಕೂಡಿಸಿದರೆ ಮೊದಲನೆಯದಕ್ಕೆ ತಗಲಿದ್ದು ಸುಮಾರು 4,700 ರೂಪಾಯಿ, ಎರಡನೆಯದಕ್ಕೆ ಸುಮಾರು 2,550. ಹಣ ರವಾನೆಯ ವೆಚ್ಚವನ್ನು 2030ರೊಳಗೆ ನೂರಕ್ಕೆ 3ಕ್ಕಿಂತ ಕೆಳಗೆ ತರಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಗುರಿ ಇಟ್ಟಿದೆ. ಅಗ್ಗವೆಂದು ಕಂಡ ದಾರಿ ಆ ಗುರಿಯನ್ನು ಮೀರಿ ದುಬಾರಿಯಾಯಿತು.

ಆದ್ದರಿಂದ "ಶುಲ್ಕ ಎಷ್ಟು?" ಎಂದು ಕೇಳಬೇಡಿ. "ನನ್ನ ಖಾತೆಯಿಂದ ಒಟ್ಟು ಎಷ್ಟು ಹೋಗುತ್ತದೆ, ಅಲ್ಲಿ ಕೈಗೆ ಎಷ್ಟು ಯೂರೋ ಸಿಗುತ್ತದೆ?" ಎಂದು ಕೇಳಿ. ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಕೇಳಿದರೆ ಸಾಕು. ಮಾರುಕಟ್ಟೆ ದರ ತಿಳಿಯಲು ಎಫ್‌ಬಿಐಎಲ್ ಸಂಸ್ಥೆ ಕೆಲಸದ ದಿನಗಳಲ್ಲಿ ಡಾಲರ್, ಪೌಂಡ್, ಯೂರೋ, ಯೆನ್‌ಗಳ ದರ ಪ್ರಕಟಿಸುತ್ತದೆ.

ಇನ್ನು ಸರ್ಕಾರದ ಪಾಲು. ಕರೆನ್ಸಿ ಬದಲಾವಣೆಗೆ ಜಿಎಸ್‌ಟಿ ಇದೆ. ಇದು ಪೂರ್ತಿ ಹಣದ ಮೇಲೆ ಶೇ. 18 ಎಂದು ಹೆದರುವವರಿದ್ದಾರೆ, ಹಾಗಲ್ಲ. ಹಣದ ಒಂದು ಸಣ್ಣ ಅಂಶವನ್ನು ಸೇವೆಯ ಬೆಲೆಯೆಂದು ಎಣಿಸಿ ಅದರ ಮೇಲೆ ಮಾತ್ರ ತೆರಿಗೆ. 1 ಲಕ್ಷಕ್ಕೆ 180 ರೂಪಾಯಿ, 5 ಲಕ್ಷಕ್ಕೆ 540, 10 ಲಕ್ಷಕ್ಕೆ 990. ಬ್ಯಾಂಕಿನ ಶುಲ್ಕದ ಮೇಲೆ ಮಾತ್ರ ನೇರವಾಗಿ ಶೇ. 18.

ಟಿಸಿಎಸ್ ಎಂಬುದು ಬೇರೆ, ಅದು ಶುಲ್ಕವೇ ಅಲ್ಲ. ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ. 2020ರ ಅಕ್ಟೋಬರ್‌ನಲ್ಲಿ ಆರಂಭವಾದ ಇದಕ್ಕೆ 2025ರ ಏಪ್ರಿಲ್ 1ರಿಂದ 10 ಲಕ್ಷ ರೂಪಾಯಿಯ ಮಿತಿ ಬಂತು. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರ ಪ್ಯಾನ್ ಸಂಖ್ಯೆಯಲ್ಲಿ ಹೋದ ಒಟ್ಟು ಹಣ ಅಷ್ಟರೊಳಗಿದ್ದರೆ ಹಿಡಿಯುವುದಿಲ್ಲ. ಎರಡು ಬ್ಯಾಂಕುಗಳಲ್ಲಿ ಹಂಚಿ ಕಳುಹಿಸಿದರೂ ಲೆಕ್ಕ ಒಂದೇ. ಮಿತಿ ದಾಟಿದ ಮೊತ್ತಕ್ಕೆ ಮಾತ್ರ ಅನ್ವಯ, ಮತ್ತು ದರ ನಿಂತಿರುವುದು ನಾವು ಬರೆಯುವ ಉದ್ದೇಶದ ಮೇಲೆ. ಕುಟುಂಬ ನಿರ್ವಹಣೆ ಎಂದು ಬರೆದರೆ ಶೇ. 20. ಶಿಕ್ಷಣ, ಚಿಕಿತ್ಸೆಗಳಿಗೆ ಅದಕ್ಕಿಂತ ಬಹಳ ಕಡಿಮೆ. ಬಜೆಟ್‌ಗಳಲ್ಲಿ ಇದು ಬದಲಾಗುತ್ತಿರುವುದರಿಂದ ಆ ವರ್ಷದ ದರವನ್ನು ಬ್ಯಾಂಕಿನಲ್ಲೇ ಕೇಳಿಕೊಳ್ಳಿ. ಹಣಕಾಸು ಸಂಸ್ಥೆಯಿಂದ ಶಿಕ್ಷಣ ಸಾಲ ಪಡೆದು ಕಳುಹಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲವೇ ಇಲ್ಲ.

ಇಲ್ಲಿ ಹೆತ್ತವರು ಎಡವುವುದು ಒಂದು ಕಡೆ. ಓದುವ ಮಗಳ ಊಟ, ಬಾಡಿಗೆಗೆ ಕಳುಹಿಸುವಾಗ "ಮನೆಯವರಿಗೆ ತಾನೇ" ಎಂದು ಕುಟುಂಬ ನಿರ್ವಹಣೆಯನ್ನು ಆರಿಸುತ್ತಾರೆ. ಓದಿಗೆ ಬೇಕಾದ ದಿನನಿತ್ಯದ ಖರ್ಚು ಶಿಕ್ಷಣದಲ್ಲಿಯೇ ಸೇರುತ್ತದೆ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 2023ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ವರ್ಷಕ್ಕೆ 12 ಲಕ್ಷ ಹೋಗುವ ಮನೆಯಲ್ಲಿ ಈ ಒಂದು ತಪ್ಪು ಆಯ್ಕೆಯಿಂದ 40,000 ರೂಪಾಯಿ ಸಿಕ್ಕಿಕೊಳ್ಳುತ್ತದೆ. ಕಳೆದುಹೋಗುವುದಿಲ್ಲ, ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿದರೆ ಹೊಂದಿಕೆಯಾಗುತ್ತದೆ ಅಥವಾ ಮರಳುತ್ತದೆ. ಆದರೆ ಸಾಲ ಮಾಡಿ ಕಳುಹಿಸುವವರಿಗೆ ತಿಂಗಳುಗಟ್ಟಲೆ ಕಾಯುವುದೂ ಒಂದು ಹೊರೆಯೇ. ಕೃಷಿ ಆದಾಯದವರು ತೆರಿಗೆ ಕಟ್ಟಬೇಕಿಲ್ಲವೆಂದು ರಿಟರ್ನ್ ಸಲ್ಲಿಸದೆ ಬಿಟ್ಟರೆ ಆ ಹಣ ಅಲ್ಲೇ ಉಳಿಯುತ್ತದೆ.

ಪೇಟೆಗಳಲ್ಲಿ ವಿದೇಶದ ಹಣವನ್ನು ಕೈಗೆ ಕೊಡುವ ಅಂಗಡಿಗಳಿಗೆ ಹೋಗಿ ಕೆಲವರು ಬರಿಗೈಯಲ್ಲಿ ಮರಳುತ್ತಾರೆ. ಅವು ನಡೆಯುವ ರಿಸರ್ವ್ ಬ್ಯಾಂಕಿನ ಎಂಟಿಎಸ್‌ಎಸ್ ಯೋಜನೆಯಲ್ಲಿ ಹಣ ಒಳಬರುವುದಕ್ಕೆ ಮಾತ್ರ ಅವಕಾಶ. ಹೊರಗೆ ಕಳುಹಿಸಲು 2004ರಲ್ಲಿ ಆರಂಭವಾದ ಎಲ್‌ಆರ್‌ಎಸ್ ಯೋಜನೆ ಇದೆ, ಪ್ಯಾನ್ ಕಡ್ಡಾಯ. "ಇಲ್ಲಿ ನನಗೆ ರೂಪಾಯಿ ಕೊಡಿ, ಅಲ್ಲಿ ನಿಮ್ಮ ಮಗನಿಗೆ ಯೂರೋ ಕೊಡಿಸುತ್ತೇನೆ" ಎನ್ನುವ ಪರಿಚಯಸ್ಥರ ಮಾತು ಎಷ್ಟೇ ಅಗ್ಗವಾಗಿ ಕಂಡರೂ ಅದು ಹವಾಲಾ, ಕಾನೂನಿಗೆ ವಿರುದ್ಧ. ಸಿಂಗಾಪುರದಲ್ಲಿ ಮಕ್ಕಳಿರುವವರಿಗೆ ಮಾತ್ರ ಒಂದು ಹಗುರ ದಾರಿ ಇದೆ: 2023ರ ಫೆಬ್ರವರಿಯಲ್ಲಿ ಯುಪಿಐಯನ್ನು ಅಲ್ಲಿನ ಪೇನೌ ಜೊತೆ ಜೋಡಿಸಲಾಯಿತು.

ನಾಲವಾರದ ತಂದೆಗೆ ನಾವು ತಿಳಿಸಿದ್ದು ಎರಡು ಮಾತು. ಕಳುಹಿಸಿದ ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶದ ಪ್ರತಿಯನ್ನೂ ಅದರಲ್ಲಿರುವ ಯುಇಟಿಆರ್ ಸಂಖ್ಯೆಯನ್ನೂ ಕೇಳಿ ಪಡೆಯಿರಿ, ಹಣ ಎಲ್ಲಿ ಕಡಿತವಾಯಿತೆಂದು ಹುಡುಕಿಸಲು ಅದು ಬೇಕು. ಕೊರತೆಯ ಹದಿನೈದು ಯೂರೋವನ್ನು ಮತ್ತೆ ಇಲ್ಲಿಂದ ಕಳುಹಿಸಬೇಡಿ, ಅದಕ್ಕೂ ಅಷ್ಟೇ ಶುಲ್ಕ ಬೀಳುತ್ತದೆ. ಮಗಳು ಅಲ್ಲಿನ ತನ್ನ ಖಾತೆಯಿಂದಲೇ ಕಟ್ಟಲಿ. ಅವಳು ಹಾಗೆಯೇ ಮಾಡಿದಳು, ಕೊನೆಯ ದಿನಕ್ಕೆ ಎರಡು ದಿನ ಮೊದಲು. ಮುಂದಿನ ಸೆಮಿಸ್ಟರಿಗೆ ತಂದೆ ಹದಿನೈದು ದಿನ ಮುಂಚಿತವಾಗಿಯೇ, ಒ.ಯು.ಆರ್. ಗುರುತು ಹಾಕಿ ಕಳುಹಿಸಿದ್ದಾರೆ.