ಆಲಂ ಆರಾ: ಮೊದಲು ಮಾತನಾಡಿದ ಚಿತ್ರ ಮರೆಯಾದ ಬಗೆ

1931ರ ಮಾರ್ಚ್ 14ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿದ್ದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಪ್ರಪ್ರಥಮ ವಾಕ್ಚಿತ್ರ. ಜನಸಂದಣಿಯನ್ನು ಹತೋಟಿಗೆ ತರಲು ಪೊಲೀಸರು ಬರಬೇಕಾಯಿತು. ನಾಲ್ಕಾಣೆಯ ಟಿಕೆಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಮಾರಾಟವಾಯಿತು. ಅಂತಹ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಉಳಿದಿರುವುದು ಕೆಲವು ಸ್ಥಿರಚಿತ್ರಗಳು ಮತ್ತು ಪ್ರಚಾರ ಸಾಮಗ್ರಿ ಮಾತ್ರ.

ನಿರ್ದೇಶಕ ಅರ್ದೇಶಿರ್ ಇರಾನಿಯವರು ಆರಿಸಿಕೊಂಡ ಕಥೆ ಪಾರ್ಸಿ ರಂಗಭೂಮಿಯ ನಾಟಕಕಾರ ಜೋಸೆಫ್ ಡೇವಿಡ್ ಅವರ ನಾಟಕ. ಇಬ್ಬರು ರಾಣಿಯರ ಮತ್ಸರ, ಸೆರೆಗೆ ಬಿದ್ದ ಸೇನಾಧಿಪತಿ, ಅಲೆಮಾರಿಗಳ ನಡುವೆ ಬೆಳೆದ ಅವನ ಮಗಳು, ಆಕೆಗೂ ರಾಜಕುಮಾರನಿಗೂ ಅಂಕುರಿಸುವ ಪ್ರೇಮ, ಇವಿಷ್ಟು ಕಥಾವಸ್ತು. ಮೂಕಿ ಚಿತ್ರಕ್ಕೆ ಸಂಭಾಷಣೆಯ ಹಂಗಿರಲಿಲ್ಲ. ವಾಕ್ಚಿತ್ರಕ್ಕೆ ಮಾತೂ ಹಾಡೂ ಎರಡೂ ಬೇಕಾದವು. ಅವೆರಡೂ ಸಿದ್ಧವಾಗಿ ದೊರೆಯುತ್ತಿದ್ದುದು ರಂಗಭೂಮಿಯಲ್ಲಿಯೇ. ಈ ಚಿತ್ರದ ಏಳು ಹಾಡುಗಳು ಮುಂದಿನ ಭಾರತೀಯ ಚಿತ್ರಗಳಿಗೆ ದಾರಿ ಹಾಕಿಕೊಟ್ಟವು.

ಚಿತ್ರೀಕರಣವೇ ಒಂದು ಸಾಹಸ. ಧ್ವನಿಯೂ ದೃಶ್ಯವೂ ಏಕಕಾಲದಲ್ಲಿ ಒಂದೇ ಫಿಲ್ಮಿನ ಮೇಲೆ ಮುದ್ರಣವಾಗುತ್ತಿದ್ದವು; ಅನಂತರ ಧ್ವನಿ ಸೇರಿಸುವ ಅನುಕೂಲ ಆಗ ಇರಲಿಲ್ಲ. ಸ್ಟುಡಿಯೋದ ಬಳಿಯೇ ರೈಲುಹಳಿ ಇದ್ದುದರಿಂದ ಗಾಡಿಗಳ ಓಡಾಟ ನಿಂತ ಮೇಲೆ, ನಡುರಾತ್ರಿ ಕಳೆದ ನಂತರ ಕೆಲಸ ಸಾಗುತ್ತಿತ್ತು. ಮೈಕುಗಳನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಮಾಡಬೇಕಾಗಿತ್ತು.

ಇಷ್ಟು ಶ್ರಮದ ಫಲ ಹೇಗೆ ನಾಶವಾಯಿತು? ಅಂದಿನ ಫಿಲ್ಮು ನೈಟ್ರೇಟಿನದು. ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತದಿದ್ದರೂ ಕಾಲಕ್ರಮದಲ್ಲಿ ಕೊಳೆಯುತ್ತದೆ. ಅದರ ಲೇಪನದಲ್ಲಿ ಬೆಳ್ಳಿಯ ಅಂಶವಿತ್ತು. ಪ್ರದರ್ಶನ ಮುಗಿದ ಚಿತ್ರಕ್ಕೆ ಬೆಲೆಯಿರಲಿಲ್ಲ, ಬೆಳ್ಳಿಗೆ ಇತ್ತು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದುದು 1964ರಲ್ಲಿ, ಅಂದರೆ ‘ಆಲಂ ಆರಾ’ ಬಿಡುಗಡೆಯಾದ 33 ವರ್ಷಗಳ ಬಳಿಕ. 2003ರಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಈ ಚಿತ್ರ ಸುಟ್ಟುಹೋಯಿತೆಂಬ ಮಾತು ವ್ಯಾಪಕವಾಗಿ ಹಬ್ಬಿತು. ಆದರೆ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು ಅದನ್ನು ಅಲ್ಲಗಳೆದರು. ಅದು ಸಂಗ್ರಹಾಲಯದ ಕೈಸೇರಿಯೇ ಇರಲಿಲ್ಲ.

ಕನ್ನಡಿಗರಾದ ನಮಗೂ ಈ ನಷ್ಟ ಅಪರಿಚಿತವಲ್ಲ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದುದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರಕ್ಕೆ ರಂಗಭೂಮಿಯ ನುರಿತ ನಾಟಕಕಾರ ಬೆಳ್ಳಾವೆ ನರಹರಿಶಾಸ್ತ್ರಿಗಳು ಸಾಹಿತ್ಯ ಒದಗಿಸಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ ಅಭಿನಯಿಸಿದರು. ಅದರ ಪ್ರತಿಯೂ ಇಂದು ಲಭ್ಯವಿಲ್ಲ. ಕನ್ನಡದ ಬೆಳ್ಳಿತೆರೆ ಮೊದಲು ನುಡಿದ ಮಾತನ್ನು ಇನ್ನು ನಾವು ಕೇಳಲಾರೆವು.

ಚಿತ್ರ ಹೋದರೂ ಅದರ ಕುರುಹು ಮನೆಗಳಲ್ಲಿ ಉಳಿದಿರಬಹುದು. ಆ ಕಾಲದಲ್ಲಿ ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ, ನಾಟಕ ಕಂಪೆನಿಗಳ ಭಾವಚಿತ್ರ ಇವು ಹಿರಿಯರ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಮನೆ ಬದಲಾಯಿಸುವಾಗ ಅವನ್ನು ರದ್ದಿಗೆ ಹಾಕುವ ಮುನ್ನ ಬಲ್ಲವರಿಗೊಮ್ಮೆ ತೋರಿಸೋಣ. ‘ಆಲಂ ಆರಾ’ದ ಬಗ್ಗೆ ಇಂದು ನಾವು ಬಲ್ಲುದರಲ್ಲಿ ಬಹುಪಾಲು ಉಳಿದು ಬಂದಿರುವುದು ಇಂತಹ ಕಾಗದಗಳಿಂದಲೇ.